ಕೆಂಪು ಗುಂಡಿ ಒತ್ತಿದವರು ಯಾರು?

ಒಂದೇ ಹೊತ್ತಿಗೆ ನೋಡುವುದು ಒಟ್ಟಿಗೆ ನೋಡಿದಂತೆಯೇ? ಸಂವಾದಾತ್ಮಕ ಡಿಜಿಟಲ್ ಟಿ.ವಿ. ಕುರಿತ ನನ್ನ ಸಂಶೋಧನೆಯ ಓದಿನಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು.

ಬ್ರೆಜಿಲ್‌ನಲ್ಲಿ ಡಿಜಿಟಲ್ ಪ್ರಸಾರ ಶುರುವಾದದ್ದು 2007ರ ಡಿಸೆಂಬರ್‌ನಲ್ಲಿ. ಅಲ್ಲಿನ ಸಂವಾದಾತ್ಮಕ ಟಿ.ವಿ. ತಂತ್ರಾಂಶದ ಹೆಸರು ಗಿಂಗಾ. ಕಪೋಯೆರಾ ಆಟದಲ್ಲಿ ಮೈ ತೂಗುವ ಲಯಕ್ಕೂ ಅದೇ ಹೆಸರು. ಅದರಲ್ಲಿ ಬಳಸುವ ಎನ್‌ಸಿಎಲ್ ಭಾಷೆಯನ್ನು ರೂಪಿಸಿದವರು ರಿಯೋದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಲೂಯಿಸ್ ಫರ್ನಾಂಡೊ ಸೊವಾರಿಸ್ ಮತ್ತು ಸಂಗಡಿಗರು. ‘ನಲವತ್ತನೆಯ ಸೆಕೆಂಡಿಗೆ ಚಿತ್ರ ಬರಲಿ’ ಎಂದು ಗಡಿಯಾರ ನೋಡಿ ಹೇಳುವುದು ಒಂದು ರೀತಿ. ಎನ್‌ಸಿಎಲ್‌ನ ರೀತಿ ಬೇರೆ: ‘ಇದು ಶುರುವಾದಾಗ ಅದೂ ಶುರುವಾಗಲಿ, ಗುಂಡಿ ಒತ್ತಿದಾಗ ಇದು ನಿಲ್ಲಲಿ.’ ನೋಡುವವರು ಯಾವಾಗ ಒತ್ತುತ್ತಾರೋ, ಒತ್ತುತ್ತಾರೋ ಇಲ್ಲವೋ, ಬರೆದವರಿಗೆ ತಿಳಿಯದು. ಹಾಗಾಗಿ ಅವರು ಕ್ಷಣಗಳನ್ನು ಬಿಟ್ಟು ಸಂಬಂಧಗಳನ್ನು ಬರೆಯುತ್ತಾರೆ. ನನಗೆ ಇದರಲ್ಲಿ ಒಂದು ವಿನಯ ಕಾಣುತ್ತದೆ.

ಆದರೆ ವಿನಯಕ್ಕೂ ಮಿತಿಯಿದೆ. ಈ ಭಾಷೆಯನ್ನು ಕಲಿಸಲು ಬಳಸುವ ಪ್ರಸಿದ್ಧ ಉದಾಹರಣೆ, ಫುಟ್ಬಾಲ್ ಆಟಗಾರ ಗಾರಿಂಚನ ಕುರಿತ ‘ಮೊದಲ ಜುವಾಂವ್’ ಎಂಬ ಅನಿಮೇಷನ್. ನಡುವೆ ತೆರೆಯ ಮೇಲೆ ಒಂದು ಗುರುತು ಮೂಡುತ್ತದೆ. ಕೆಂಪು ಗುಂಡಿ ಒತ್ತಿದರೆ ಕಥೆ ಕುಗ್ಗಿ ಮೂಲೆ ಸೇರುತ್ತದೆ, ಬೂಟಿನ ಜಾಹೀರಾತು ಬರುತ್ತದೆ. ಒತ್ತುವುದು, ಬಿಡುವುದು ನಮಗೆ ಬಿಟ್ಟದ್ದು. ಆದರೆ ಯಾವ ಕ್ಷಣದಲ್ಲಿ ಕೇಳಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದು ಮೊದಲೇ ತೀರ್ಮಾನವಾಗಿದೆ. ರಿಮೋಟಿನ ಗುಂಡಿ ಹುಡುಕಲು ತಡವರಿಸುವ ಮುದಿ ಬೆರಳಿಗಾಗಿ ಪ್ರಸಾರ ನಿಲ್ಲುವುದಿಲ್ಲ.

ಇನ್ನೊಂದು ತೊಡಕು ಮನೆಯೊಳಗಿನದು. ಟಿ.ವಿ. ಒಂದು, ರಿಮೋಟ್ ಒಂದು, ನೋಡುವವರು ಐವರು. ಮೊಮ್ಮಗ ಗುಂಡಿ ಒತ್ತಿದರೆ ಅಜ್ಜಿಯ ಕಥೆಯೂ ಕುಗ್ಗುತ್ತದೆ. ಯಂತ್ರಕ್ಕೆ ‘ಒತ್ತಲಾಯಿತು’ ಎಂಬುದಷ್ಟೇ ಗೊತ್ತು. ಯಾರು ಒತ್ತಿದರು, ಯಾರನ್ನು ಕೇಳಿ ಒತ್ತಿದರು ಎಂಬುದು ಗೊತ್ತಿಲ್ಲ. ಗಿಂಗಾ ಇದಕ್ಕೂ ದಾರಿ ಮಾಡಿತು: ಹೆಚ್ಚುವರಿ ವಿಷಯವನ್ನು ಕೈಯಲ್ಲಿರುವ ಬೇರೊಂದು ಸಾಧನಕ್ಕೆ ಕಳಿಸಬಹುದು. ಈಗ ಅಜ್ಜಿಯ ಕಥೆ ಉಳಿಯಿತು, ಮೊಮ್ಮಗನ ಆಯ್ಕೆಯೂ ಉಳಿಯಿತು. ಎರಡೂ ತೆರೆಗಳು ತಾಳ ತಪ್ಪದೆ ಓಡುತ್ತವೆ. ಆದರೆ ಅಜ್ಜಿ ನಕ್ಕಾಗ ಮೊಮ್ಮಗ ತಲೆ ಎತ್ತುವುದಿಲ್ಲ.

ಹಾಗೆಂದು ಒಂದೇ ತೆರೆಯ ಹಳೆಯ ಕಾಲವನ್ನು ನಾನು ಹೊಗಳಲಾರೆ. ಅಲ್ಲಿ ರಿಮೋಟ್ ಹಿಡಿದವರದೇ ಆಳ್ವಿಕೆ, ಉಳಿದವರದು ಮೌನ. ನನ್ನ ವಾದ ಇಷ್ಟೇ: ಹೊಂದಾಣಿಕೆ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಬೆರೆಸುತ್ತಿದ್ದೇವೆ. ಚಿತ್ರಕ್ಕೆ ಚಿತ್ರವನ್ನು ಹೊಂದಿಸುವ ಕೆಲಸವನ್ನು ತಂತ್ರಾಂಶ ಮಾಡುತ್ತದೆ. ಮನುಷ್ಯರಿಗೆ ಮನುಷ್ಯರು ಹೊಂದಬೇಕಾದರೆ ಒಬ್ಬರು ಇನ್ನೊಬ್ಬರಿಗಾಗಿ ತುಸು ಕಾಯಬೇಕು. ‘ಒತ್ತಲಾ ಅಜ್ಜಿ?’ ಎಂದು ಕೇಳುವ ಆ ಅರೆಗಳಿಗೆಯನ್ನು ಯಾವ ಭಾಷೆಯಲ್ಲೂ ಮೊದಲೇ ಬರೆದಿಡಲು ಬರುವುದಿಲ್ಲ.