ಒಪ್ಪಿಗೆ ಯಾರದು?

ಬಿ.ಎ.ಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ರಿಕಾರ್ಡೋನ ಪಾಠ ಮಾಡಿದ್ದರು. ಇಂಗ್ಲೆಂಡು ಬಟ್ಟೆ ನೇಯಲಿ, ಪೋರ್ಚುಗಲ್ ವೈನ್ ಮಾಡಲಿ, ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ. 1817ರ ಮಾತು. ಲೆಕ್ಕ ಸರಿಯಾಗೇ ಇದೆ. ಆದರೆ ಆ ಲೆಕ್ಕದಲ್ಲಿ ಬಂದೂಕಿಲ್ಲ, ಸಾಲದ ಪತ್ರವಿಲ್ಲ, ಹೆಬ್ಬೆಟ್ಟಿಲ್ಲ. ನನ್ನ ತಾತ ಜೀತಕ್ಕೆ ಹೆಬ್ಬೆಟ್ಟು ಒತ್ತಿದ್ದೂ 'ಒಪ್ಪಿ'ಯೇ. ಒಪ್ಪದಿದ್ದರೆ ಅವತ್ತು ಒಲೆ ಹತ್ತುತ್ತಿರಲಿಲ್ಲ, ಅಷ್ಟೇ.

ದೇಶದೇಶಗಳ 'ಸಹಕಾರ' ಅನ್ನೋ ಮಾತು ಕೇಳಿದಾಗ ನನಗೆ ಹೈಟಿ ನೆನಪಾಗುತ್ತದೆ.

ಕೆರಿಬಿಯನ್ ಕಡಲಿನ ಆ ನಾಡಿನ ಗುಲಾಮರು ಫ್ರೆಂಚ್ ಒಡೆಯರನ್ನು ಹೊಡೆದೋಡಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳ ಜೊತೆ ಒಂದು ಆಜ್ಞೆ ಕಳಿಸಿದ: ಒಡೆಯರಿಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ, ಫ್ರೆಂಚ್ ಹಡಗಿಗೆ ಅರ್ಧ ಸುಂಕ ಮಾತ್ರ ಹಾಕಿ, ಆಗ ನಿಮ್ಮನ್ನು ದೇಶ ಅಂತ ಒಪ್ತೀವಿ. ಆ ನಷ್ಟದಲ್ಲಿ ಏನೇನಿತ್ತು? ಜಮೀನಿತ್ತು, ಗುಲಾಮರೂ ಇದ್ದರು. ಅಂದರೆ ತಮ್ಮ ಮೈಯ ಬೆಲೆಯನ್ನು ತಾವೇ ತೆರಬೇಕು! ಅಧ್ಯಕ್ಷ ಬೊಯೆ ಒಪ್ಪಿಕೊಂಡ. ಮೊದಲ ಕಂತಿಗೇ ಪ್ಯಾರಿಸ್ಸಿನಲ್ಲೇ ಸಾಲ. 1838ರಲ್ಲಿ ಒಟ್ಟು ಮೊತ್ತ 9 ಕೋಟಿಗೆ ಇಳಿಯಿತು. ಆದರೂ ಇದರಿಂದ ಹುಟ್ಟಿದ ಸಾಲಗಳು ತೀರಿದ್ದು 1947ರಲ್ಲಿ. ತೀರಿಸಿದವರು ಯಾರು? ಹೆಚ್ಚಾಗಿ ಕಾಫಿ ಬೆಳೆದ ಬಡ ರೈತರು.

ಎರಡನೇ ಸಲ ಬಂದದ್ದು ಅಕ್ಕಿ. 1995ರಲ್ಲಿ, ಸಾಲ ಕೊಡುವವರ ಒತ್ತಾಯಕ್ಕೆ, ಅಕ್ಕಿಯ ಆಮದು ಸುಂಕ ಶೇಕಡ 3ಕ್ಕೆ ಇಳಿಯಿತು. ಸಬ್ಸಿಡಿ ಉಂಡು ಬೆಳೆದ ಅಮೆರಿಕದ ಅಕ್ಕಿ ಸಂತೆ ತುಂಬಿತು. ಜನ ಅದಕ್ಕೆ 'ಮಯಾಮಿ ಅಕ್ಕಿ' ಅಂತಾರೆ. ಅಗ್ಗದ ಅಕ್ಕಿ ಪಟ್ಟಣದ ಬಡವರ ಹೊಟ್ಟೆಗೂ ಬಿತ್ತು, ಇಲ್ಲ ಅನ್ನಬಾರದು. ಆದರೆ ಆರ್ಟಿಬೊನೈಟ್ ಕಣಿವೆಯ ಗದ್ದೆಯವರು ಸೋತರು. 2008ರಲ್ಲಿ ಲೋಕದಲ್ಲೆಲ್ಲ ಅಕ್ಕಿ ದರ ಏರಿದಾಗ ಅದೇ ಪಟ್ಟಣದ ಬಡವರು ಹಸಿದು ಬೀದಿಗಿಳಿದರು. ಪ್ರಧಾನಿಯ ಕುರ್ಚಿ ಹೋಯಿತು. 2010ರಲ್ಲಿ ಕ್ಲಿಂಟನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಅರ್ಕಾನ್ಸಾಸಿನ ನನ್ನ ಕೆಲವು ರೈತರಿಗೆ ಒಳ್ಳೇದಾಗಿರಬಹುದು, ಆದರೆ ಅದು ತಪ್ಪು ಅಂತ ಒಪ್ಪಿಕೊಂಡರು. ಗದ್ದೆ ಬಿಟ್ಟು ಹೋದವನಿಗೆ ಆ ಮಾತು ಮುಟ್ಟಿತೋ ಇಲ್ಲವೋ.

ಗೆಳೆಯರೇ, ವ್ಯಾಪಾರವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಂತೆ ಬೇಕು. ಆದರೆ 'ಬೇಡ' ಅಂದು ಮನೆಗೆ ಹೋಗಿ ಉಣ್ಣಬಲ್ಲವನು ಹೇಳೋ 'ಹೂಂ' ಬೇರೆ, ನನ್ನ ತಾತನ 'ಹೂಂ' ಬೇರೆ. ಒಪ್ಪಂದದ ಕಾಗದದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಕೊಟ್ಟ ಹಣ ವಾಪಸ್ ಕೊಡಿ ಅಂತ 2003ರಲ್ಲಿ ಅಧ್ಯಕ್ಷ ಅರಿಸ್ಟೀಡ್ ಕೇಳಿದರು. ಮರುವರ್ಷ ಅವರು ಅಧಿಕಾರದಲ್ಲಿರಲಿಲ್ಲ. ಆ ಆಜ್ಞೆಗೆ 200 ವರ್ಷ ತುಂಬಿದ 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಇತಿಹಾಸಕಾರರ ಜಂಟಿ ಸಮಿತಿಯೊಂದನ್ನು ಘೋಷಿಸಿದರು. ಹಣದ ಮಾತು ಎತ್ತಲಿಲ್ಲ.