ಯಾರೂ ಕೇಳದ ಹಾಡಿಗೂ ರಸವುಂಟೇ?

1972ರಲ್ಲಿ ಅಮೆರಿಕದ ಮೆಂಫಿಸ್ ಪಟ್ಟಣದ ನಾಲ್ವರು ಹುಡುಗರು ತಮ್ಮ ಮೊದಲ ರೆಕಾರ್ಡಿಗೆ ‘ನಂಬರ್ ಒನ್ ರೆಕಾರ್ಡ್’ ಎಂದೇ ಹೆಸರಿಟ್ಟರು. ತಂಡದ ಹೆಸರು ಬಿಗ್ ಸ್ಟಾರ್. ಅದೇನೂ ಧ್ಯಾನಿಸಿ ಹುಡುಕಿದ ಹೆಸರಲ್ಲ, ಸ್ಟುಡಿಯೋ ಹತ್ತಿರ ಇದ್ದ ದಿನಸಿ ಅಂಗಡಿಯ ಬೋರ್ಡಿನಿಂದ ಎತ್ತಿಕೊಂಡದ್ದು. ಎರಡು ಹೆಸರಿನಲ್ಲೂ ಅರ್ಧ ತಮಾಷೆ, ಅರ್ಧ ಆಸೆ. ಪತ್ರಿಕೆಗಳ ವಿಮರ್ಶಕರು ಬಾಯ್ತುಂಬ ಹೊಗಳಿದರು. ಹೊಗಳಿಕೆ ಓದಿ ಅಂಗಡಿಗೆ ಹೋದವರಿಗೆ ರೆಕಾರ್ಡೇ ಸಿಗಲಿಲ್ಲ. ಮೊದಲ ಸುತ್ತಿನಲ್ಲಿ ಖರ್ಚಾದದ್ದು 10,000 ಪ್ರತಿಗಿಂತ ಕಡಿಮೆ.

ಇದರಲ್ಲಿ ನಿಗೂಢವಾದದ್ದು ಏನೂ ಇಲ್ಲ. ರೆಕಾರ್ಡಿನ ವಿತರಣೆ ಇದ್ದದ್ದು ಸ್ಟ್ಯಾಕ್ಸ್ ಕಂಪನಿಯ ಕೈಯಲ್ಲಿ. ಸ್ಟ್ಯಾಕ್ಸ್ ಕರಿಯರ ಸೋಲ್ ಸಂಗೀತಕ್ಕೆ ಹೆಸರಾದ ಸಂಸ್ಥೆ. ಗಿಟಾರ್ ಹಿಡಿದ ಬಿಳಿ ಹುಡುಗರ ಹಾಡನ್ನು ಯಾವ ಅಂಗಡಿಗೆ ಮುಟ್ಟಿಸಬೇಕು ಎಂಬ ಅಂದಾಜು ಅದಕ್ಕಿರಲಿಲ್ಲ. ಆಮೇಲೆ ವಿತರಣೆ ಕೊಲಂಬಿಯಾ ಕಂಪನಿಗೆ ಹೋಯಿತು, ಅಲ್ಲಿ ಇವರನ್ನು ಕೇಳುವವರೇ ಇಲ್ಲ. 1974ರ ಎರಡನೆಯ ರೆಕಾರ್ಡ್ ‘ರೇಡಿಯೋ ಸಿಟಿ’ ಬರುವ ಹೊತ್ತಿಗೆ ಎರಡು ಕಂಪನಿಗಳ ನಡುವೆಯೇ ಜಗಳ ಹತ್ತಿತ್ತು. 1975ರ ಕೊನೆಗೆ ಸ್ಟ್ಯಾಕ್ಸ್ ದಿವಾಳಿಯಾಗಿ ಬಾಗಿಲು ಹಾಕಿತು.

ಇವರು ಹಾಡುತ್ತಿದ್ದ ಧಾಟಿಗೆ ಪವರ್ ಪಾಪ್ ಎನ್ನುತ್ತಾರೆ. ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್ 1967ರಲ್ಲಿ ಬಳಕೆಗೆ ತಂದ ಮಾತು ಅದು. ಬೀಟಲ್ಸರ ರಾಗಮಾಧುರ್ಯ, ಮೇಲೆ ಖಣಖಣ ಎನ್ನುವ ಗಿಟಾರು, ವಿಷಯ ಬಹುಮಟ್ಟಿಗೆ ಕೈಕೊಟ್ಟ ಪ್ರೇಮ, ಎಲ್ಲ ಸೇರಿ ಮೂರು ನಿಮಿಷ. ಎಪ್ಪತ್ತರ ದಶಕದ ಆರಂಭದಲ್ಲಿ ಹತ್ತು ನಿಮಿಷದ ಗಿಟಾರ್ ಆಲಾಪನೆಗೆ ತಲೆದೂಗುತ್ತಿದ್ದವರಿಗೆ ಈ ಮೂರು ನಿಮಿಷ ಹಳೆಯ ಫ್ಯಾಷನ್ನಿನಂತೆ ಕಂಡಿತು.

ಈಗ ಬಿಗ್ ಸ್ಟಾರ್ ಹೆಸರು ಗೊತ್ತಿಲ್ಲದ ರಾಕ್ ವಿಮರ್ಶಕನಿಲ್ಲ. ಒಂದಾನೊಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಮೂರು ರೆಕಾರ್ಡುಗಳನ್ನು ಸಾರ್ವಕಾಲಿಕ ಶ್ರೇಷ್ಠ ಎಂಬ ಪಟ್ಟಿಗಳಲ್ಲಿ ಕೂರಿಸಿದ್ದಾರೆ. ಹಾಗಾದರೆ ನಡುವಿನ ವರ್ಷಗಳಲ್ಲಿ, ಗೋಡೌನಿನಲ್ಲಿ ದೂಳು ತಿನ್ನುತ್ತಿದ್ದಾಗ, ಆ ಹಾಡುಗಳು ಶ್ರೇಷ್ಠವಾಗಿದ್ದವೇ? ಇಲ್ಲ, ಕೇಳಿದವರು ಬಂದ ಮೇಲೆ ಶ್ರೇಷ್ಠವಾದವೇ?

ಕನ್ನಡದ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾದರೂ ಓದಿದವರಿಗೆ ರಸ ಇರುವುದು ಎಲ್ಲಿ ಎಂಬ ಹಳೆಯ ವಾಗ್ವಾದ ನೆನಪಿರುತ್ತದೆ. ರಸ ಮೂಲತಃ ರಾಮನಂಥ ಪಾತ್ರದಲ್ಲಿದೆ ಎಂದ ಭಟ್ಟಲೋಲ್ಲಟ. ನಟನ ಅಭಿನಯವನ್ನು ನೋಡಿ ನಾವು ಅದನ್ನು ಊಹಿಸಿಕೊಳ್ಳುತ್ತೇವೆ ಎಂದ ಶಂಕುಕ. ಕೊನೆಗೆ ಅಭಿನವಗುಪ್ತ ಬಂದು, ರಸವೆಂದರೆ ಸಹೃದಯನ ಅನುಭವವೇ ಹೊರತು ಹೊರಗೆಲ್ಲೋ ಇಟ್ಟ ವಸ್ತುವಲ್ಲ ಎಂದು ವಾದವನ್ನು ಮುಗಿಸಿದ. ಮುಗಿಸಿದ ಎನ್ನುವುದು ಪಾಠ ಹೇಳುವವರ ಅನುಕೂಲದ ಮಾತು. ಸಹೃದಯನ ಅನುಭವವೇ ರಸವಾದರೆ, ಸಹೃದಯನ ಕೈಗೆ ಸಿಗದೆ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ರೆಕಾರ್ಡು ಬರೀ ಗೀರು ಎಳೆದ ಪ್ಲಾಸ್ಟಿಕ್ ತಟ್ಟೆ ಎಂದು ಒಪ್ಪಬೇಕಾಗುತ್ತದೆ.

ಇಂಗ್ಲೆಂಡಿನ ಜಿ.ಇ. ಮೂರ್ ಇದಕ್ಕೆ ಸುತರಾಂ ಒಪ್ಪುತ್ತಿರಲಿಲ್ಲ. 1903ರ ‘ಪ್ರಿನ್ಸಿಪಿಯಾ ಎಥಿಕಾ’ದಲ್ಲಿ ಅವರು ಎರಡು ಲೋಕಗಳನ್ನು ಕಲ್ಪಿಸಿಕೊಳ್ಳಿ ಎನ್ನುತ್ತಾರೆ: ಒಂದು ಪರಮ ಸುಂದರ, ಇನ್ನೊಂದು ಬರೀ ಕೊಳಕಿನ ರಾಶಿ. ಎರಡನ್ನೂ ಯಾರೂ ಯಾವತ್ತೂ ನೋಡುವುದಿಲ್ಲ. ಆದರೂ ಮೊದಲನೆಯದು ಇರುವುದೇ ಮೇಲಲ್ಲವೇ ಎಂಬುದು ಅವರ ಪ್ರಶ್ನೆ. ನೋಡುವವರಿಲ್ಲದ ಸೌಂದರ್ಯಕ್ಕೆ ಬೆಲೆಯಿಲ್ಲ ಎಂದಿದ್ದ ಸಿಜ್‌ವಿಕ್‌ಗೆ ಕೊಟ್ಟ ಉತ್ತರ ಅದು. ಒಂಬತ್ತು ವರ್ಷ ಕಳೆದು ಬರೆದ ಇನ್ನೊಂದು ಪುಸ್ತಕದಲ್ಲಿ ಮೂರ್ ಅವರೇ ತುಸು ಹಿಂದೆ ಸರಿದರು ಎಂಬುದನ್ನೂ ಹೇಳಬೇಕು.

ಆದರೆ ಬಿಗ್ ಸ್ಟಾರ್ ಕಥೆಯನ್ನು ಹತ್ತಿರದಿಂದ ನೋಡಿದರೆ, ಪ್ರಶ್ನೆಯನ್ನು ಇಟ್ಟ ರೀತಿಯೇ ಸರಿಯಿಲ್ಲ ಅನ್ನಿಸುತ್ತದೆ. ಯಾರೂ ಕೇಳದ ಹಾಡು ಎಂದರೆ ಯಾವುದು? ಮೆಂಫಿಸ್ಸಿನ ಆರ್ಡೆಂಟ್ ಸ್ಟುಡಿಯೋದಲ್ಲಿ ಅಲೆಕ್ಸ್ ಚಿಲ್ಟನ್, ಕ್ರಿಸ್ ಬೆಲ್, ಜೋಡಿ ಸ್ಟೀಫನ್ಸ್, ಆ್ಯಂಡಿ ಹಮ್ಮಲ್ ಹಾಡು ಕಟ್ಟುವಾಗ ಗಾಜಿನ ಆಚೆ ಸ್ಟುಡಿಯೋ ಮಾಲೀಕ ಜಾನ್ ಫ್ರೈ ಕೂತಿದ್ದರು. ಒಂದೊಂದು ಗಿಟಾರಿನ ತಂತಿಯೂ ಬೇರೆಬೇರೆಯಾಗಿ ಮಿನುಗುವ ಹಾಗೆ ಧ್ವನಿಮುದ್ರಿಸಿದ್ದು ಅವರ ಕೈಚಳಕ. ಆ ಮಿನುಗನ್ನು ಮೊದಲು ಕೇಳಿದ್ದು ಆ ಐದು ಜನ. ಕವಿಯೂ ಒಬ್ಬ ಸಾಮಾಜಿಕನೇ, ರಸದ ಬೀಜ ಮೊದಲು ಮೊಳೆಯುವುದು ಅವನಲ್ಲೇ ಎಂದು ಅಭಿನವಗುಪ್ತನೇ ಒಂದು ಕಡೆ ಹೇಳಿದ್ದಾನೆ. ಆ ಲೆಕ್ಕದಲ್ಲಿ ಸಹೃದಯರ ಸಂಖ್ಯೆ ಯಾವತ್ತೂ ಸೊನ್ನೆಯಾಗಿರಲಿಲ್ಲ. ಐದಕ್ಕೂ ಐದು ಲಕ್ಷಕ್ಕೂ ಇರುವ ಅಂತರ ಕಂಪನಿಯ ಲೆಕ್ಕಪತ್ರದ ಮಟ್ಟಿಗೆ ದೊಡ್ಡದು, ತತ್ತ್ವದ ಮಟ್ಟಿಗೆ ಅಷ್ಟೇನೂ ದೊಡ್ಡದಲ್ಲ.

ಐದರಿಂದ ಮುಂದಕ್ಕೆ ಹೋದದ್ದಾದರೂ ಹೇಗೆ? 1973ರ ಮೇ ತಿಂಗಳಲ್ಲಿ ರಾಕ್ ಪತ್ರಕರ್ತರ ಸಮಾವೇಶವೊಂದನ್ನು ಮೆಂಫಿಸ್ಸಿನಲ್ಲೇ ನಡೆಸಿದರು. ಅಷ್ಟರಲ್ಲಿ ಬೆಲ್ ತಂಡ ಬಿಟ್ಟಾಗಿತ್ತು, ತಂಡವೇ ಚದುರಿದಂತಿತ್ತು. ಉಳಿದ ಮೂವರು ಒಟ್ಟಿಗೆ ಬಂದು ಅಲ್ಲಿ ನುಡಿಸಿದರು, ಪತ್ರಕರ್ತರು ಎದ್ದು ಕುಣಿದರು. ಬರಹಗಾರರಿಗೆ ಪುಕ್ಕಟೆ ಹಂಚುವ ಪ್ರತಿಗಳಿಗೆ ಪ್ರೊಮೋ ಎನ್ನುತ್ತಾರೆ. ಅಂಗಡಿಯಲ್ಲಿ ಕಾಣಸಿಗದ ರೆಕಾರ್ಡು ಹೀಗೆ ಪತ್ರಕರ್ತರ ಕಪಾಟು ಸೇರಿತು. ಅಲ್ಲಿಂದ ಗೆಳೆಯರ ಕೈಗೆ, ಗೆಳೆಯರಿಂದ ಹಳೆಯ ರೆಕಾರ್ಡ್ ಅಂಗಡಿಗೆ, ಆಮೇಲೆ ಕ್ಯಾಸೆಟ್ಟಿಗೆ. ಎಂಬತ್ತರ ದಶಕದಲ್ಲಿ ಆರ್.ಇ.ಎಂ. ತಂಡದವರು ಇವರ ಹೆಸರನ್ನು ಹೋದಲ್ಲೆಲ್ಲ ಹೇಳಿದರು. 1986ರಲ್ಲಿ ಬ್ಯಾಂಗಲ್ಸ್ ತಂಡ ‘ಸೆಪ್ಟೆಂಬರ್ ಗರ್ಲ್ಸ್’ ಹಾಡನ್ನು ಮತ್ತೆ ಹಾಡಿತು. ಮರುವರ್ಷ ರಿಪ್ಲೇಸ್‌ಮೆಂಟ್ಸ್ ತಂಡ ‘ಅಲೆಕ್ಸ್ ಚಿಲ್ಟನ್’ ಎಂಬ ಹೆಸರಿನ ಹಾಡನ್ನೇ ಬರೆಯಿತು. ಅದಕ್ಕೆ ಕೆಲವೇ ವರ್ಷ ಮೊದಲು ಆ ಚಿಲ್ಟನ್ ನ್ಯೂ ಆರ್ಲಿಯನ್ಸಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹದಿನಾರನೆಯ ವಯಸ್ಸಿಗೇ, 1967ರಲ್ಲಿ, ಬಾಕ್ಸ್ ಟಾಪ್ಸ್ ತಂಡಕ್ಕೆ ‘ದ ಲೆಟರ್’ ಹಾಡಿ ಅಮೆರಿಕದ ಮೊದಲ ಸ್ಥಾನ ಕಂಡಿದ್ದವರು ಅವರು.

ಕ್ರಿಸ್ ಬೆಲ್ ಕಥೆ ಇನ್ನೂ ಬೇರೆ. ಮೊದಲ ರೆಕಾರ್ಡಿನ ಸೋಲು ಹೆಚ್ಚು ಬಡಿದದ್ದು ಅವರಿಗೆ. ಖಿನ್ನತೆಗೆ ಬಿದ್ದರು, ತಂಡ ಬಿಟ್ಟರು, ಕ್ರೈಸ್ತ ಭಕ್ತಿಯ ಕಡೆಗೆ ತೀವ್ರವಾಗಿ ತಿರುಗಿದರು. ಅಣ್ಣ ಡೇವಿಡ್ ಅವರನ್ನು ಯುರೋಪಿಗೆ ಕರೆದುಕೊಂಡು ಹೋಗಿ ಫ್ರಾನ್ಸಿನ ಸ್ಟುಡಿಯೋದಲ್ಲಿ ಹಾಡಿಸಿದರು. ಲಂಡನ್ನಿನಲ್ಲಿ ಬೀಟಲ್ಸರ ಧ್ವನಿತಂತ್ರಜ್ಞ ಜೆಫ್ ಎಮೆರಿಕ್ ಕೈಯಲ್ಲಿ ಮಿಕ್ಸ್ ಮಾಡಿಸಿದರು. ಯಾವ ಕಂಪನಿಯೂ ಕೊಳ್ಳಲಿಲ್ಲ. ಬೆಲ್ ಊರಿಗೆ ಮರಳಿ ಅಪ್ಪನ ರೆಸ್ಟೋರೆಂಟಿನ ಕೆಲಸಕ್ಕೆ ನಿಂತರು. 1978ರಲ್ಲಿ ಒಂದು ಸಣ್ಣ ಲೇಬಲ್ಲು ಅವರ ‘ಐ ಆ್ಯಮ್ ದ ಕಾಸ್ಮೋಸ್’ ಹಾಡನ್ನು ಸಿಂಗಲ್ ಆಗಿ ತಂದಿತು. ಶೀರ್ಷಿಕೆ ಕೇಳಿದರೆ ನಮಗೆ ಮಹಾವಾಕ್ಯವೇ ನೆನಪಾಗಬೇಕು. ಹಾಡಿನ ಒಳಗಿರುವುದು ಮಾತ್ರ, ಹಾಗೆಲ್ಲ ಅಂದುಕೊಂಡರೂ ಬಿಟ್ಟುಹೋದವಳು ಬರುವುದಿಲ್ಲ ಎಂಬ ಸಂಕಟ. ಅದೇ ವರ್ಷ ಡಿಸೆಂಬರ್ 27ರಂದು ಮೆಂಫಿಸ್ಸಿನಲ್ಲಿ ಅವರ ಕಾರು ದೀಪದ ಕಂಬಕ್ಕೆ ಬಡಿಯಿತು. ಬೆಲ್‌ಗೆ 27 ವರ್ಷ. ಉಳಿದ ಹಾಡುಗಳು ಆಲ್ಬಮ್ಮಾಗಿ ಹೊರಬಂದದ್ದು 1992ರಲ್ಲಿ.

‘ಟ್ರೈ ಅಗೇನ್’, ‘ಲುಕ್ ಅಪ್’ ಥರದ ಬೆಲ್ ಹಾಡುಗಳಲ್ಲಿ ದೇವರ ಕಡೆಗೆ ತಿರುಗಿದ ಮನಸ್ಸು ಸ್ಪಷ್ಟವಾಗಿದೆ. ರಸ ಎಲ್ಲಿದೆ ಎಂಬ ಚರ್ಚೆ ಇಲ್ಲಿ ಮೀಮಾಂಸೆಯಿಂದ ಧರ್ಮದ ಅಂಗಳಕ್ಕೆ ದಾಟುತ್ತದೆ. ನಂಬಿದವನಿಗೆ ಕೇಳದೆ ಉಳಿದ ಹಾಡು ಎಂಬುದೇ ಇಲ್ಲ. ಮೂರ್ ಅವರ ನೋಡುವವರಿಲ್ಲದ ಲೋಕವೂ ಅವನಿಗೆ ಅಸಾಧ್ಯ. ಬೆಲ್ ಅವರಿಗೆ ಇದರಿಂದ ಸಮಾಧಾನ ಸಿಕ್ಕಿತೆಂದು ಹೇಳುವುದು ಕಷ್ಟ. ದೇವರಿಗೆ ಹಾಡಿದವರೇ ಆ ಟೇಪನ್ನು ಕಂಪನಿಗಳ ಬಾಗಿಲಿಗೂ ಹೊತ್ತರು. ದೇವರು ಕೇಳಿದ್ದಾನೆ ಎಂದ ಮಾತ್ರಕ್ಕೆ ಮನುಷ್ಯರೂ ಕೇಳಲಿ ಎಂಬ ಆಸೆ ಅಡಗುವುದಿಲ್ಲವೇನೋ.

ಭವಭೂತಿಗೂ ಈ ಆಸೆ ಅಡಗಿರಲಿಲ್ಲ. ‘ಮಾಲತೀಮಾಧವ’ದ ಪ್ರಸ್ತಾವನೆಯಲ್ಲಿ ಅವನು ತನ್ನನ್ನು ಹೀಗಳೆಯುವವರಿಗೆ ಉತ್ತರ ಕೊಡುತ್ತಾನೆ: ಕಾಲಕ್ಕೆ ಕೊನೆಯಿಲ್ಲ, ಭೂಮಿ ದೊಡ್ಡದಿದೆ, ನನ್ನ ಹಾಗೆ ಮಿಡಿಯುವವನೊಬ್ಬ ಎಲ್ಲೋ ಇದ್ದಾನು, ಇಲ್ಲವೇ ಹುಟ್ಟಿಯಾನು ಎಂಬರ್ಥದ ಮಾತು. ಹಳೆಯ ರೆಕಾರ್ಡ್ ಹುಡುಕುವವರೆಲ್ಲ ತಮ್ಮನ್ನು ಆ ಸಮಾನಧರ್ಮನ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ಅವರ ಬಳಿ ಪುರಾವೆಗಳೂ ಇವೆ. ಲಾಸ್ ಏಂಜಲೀಸಿನ ನರ್ವ್ಸ್ ಎಂಬ ಮೂವರ ತಂಡ 1976ರಲ್ಲಿ ಸ್ವಂತ ದುಡ್ಡಿನಲ್ಲಿ ನಾಲ್ಕು ಹಾಡುಗಳ ಸಣ್ಣ ರೆಕಾರ್ಡ್ ತಂದಿತು. ಅದರಲ್ಲಿದ್ದ ‘ಹ್ಯಾಂಗಿಂಗ್ ಆನ್ ದ ಟೆಲಿಫೋನ್’ ಕ್ಯಾಸೆಟ್ಟಿನ ಮೂಲಕ ಬ್ಲಾಂಡಿ ತಂಡವನ್ನು ಮುಟ್ಟಿತು, 1978ರಲ್ಲಿ ಇಂಗ್ಲೆಂಡಿನ ಮೊದಲ ಐದರೊಳಗೆ ಬಂತು. ಹಾಡು ಬರೆದ ಜ್ಯಾಕ್ ಲೀ ನೆನಪಿಸಿಕೊಂಡ ಪ್ರಕಾರ, ಬ್ಲಾಂಡಿಯವರ ಕರೆ ಬಂದದ್ದು ಒಂದು ಶುಕ್ರವಾರ. ಅವತ್ತು ಸಂಜೆ ಆರಕ್ಕೆ ಅವರ ಮನೆಯ ಕರೆಂಟು, ಫೋನು ಎರಡನ್ನೂ ಕಡಿಯುವವರಿದ್ದರು.

ಇಂಥ ಕಥೆ ಕೇಳಿದಾಗ, ಒಳ್ಳೆಯದಕ್ಕೆ ಇವತ್ತಲ್ಲ ನಾಳೆ ಫಲ ಬಂದೇ ಬರುತ್ತದೆ ಎಂಬ ನಂಬಿಕೆ ಬಲಿಯುತ್ತದೆ. ಅದನ್ನು ರೆಕಾರ್ಡುಗಳ ಕರ್ಮಸಿದ್ಧಾಂತ ಎನ್ನಬಹುದು. ಅದು ನಿಲ್ಲುವುದಿಲ್ಲ. ನಾವು ಎಣಿಸುತ್ತಿರುವುದು ಸಿಕ್ಕವರನ್ನು ಮಾತ್ರ. ಆರಕ್ಕೆ ಬರಬೇಕಿದ್ದ ಕರೆ ಏಳಕ್ಕೆ ಬಂದವರ ಲೆಕ್ಕ ಯಾರ ಬಳಿಯೂ ಇಲ್ಲ. 2008ರ ಜೂನ್‌ನಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಆವರಣದ ಬೆಂಕಿಯಲ್ಲಿ ಮೂಲ ಟೇಪುಗಳ ದೊಡ್ಡ ಉಗ್ರಾಣ ಸುಟ್ಟಿತು. ನ್ಯೂಯಾರ್ಕ್ ಟೈಮ್ಸ್ ಅದರ ವಿವರ ಪ್ರಕಟಿಸಿದ್ದು 2019ರಲ್ಲಿ. ನಷ್ಟ ಅಷ್ಟೊಂದಿಲ್ಲ ಎಂಬುದು ಕಂಪನಿಯ ವಾದ. ಎಷ್ಟೇ ಇರಲಿ, ಬೆಂಕಿ ಹಾಡನ್ನು ಆರಿಸಿ ಸುಡುವುದಿಲ್ಲ.

ಫಲ ಬಂದರೂ ಯಾರಿಗೆ ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ಬ್ಯಾಡ್‌ಫಿಂಗರ್ ತಂಡದ ಪೀಟ್ ಹ್ಯಾಮ್ ಮತ್ತು ಟಾಮ್ ಎವಾನ್ಸ್ ಬರೆದ ‘ವಿದೌಟ್ ಯೂ’ ಹಾಡನ್ನು ಹ್ಯಾರಿ ನಿಲ್ಸನ್ ಹಾಡಿ ಜಗತ್ತಿಗೆ ಹಂಚಿದರು. ತಂಡದವರು ಮಾತ್ರ ವ್ಯವಹಾರದ ಸಿಕ್ಕಿನಲ್ಲಿ ನಲುಗಿದರು. 1975ರಲ್ಲಿ ಹ್ಯಾಮ್, 1983ರಲ್ಲಿ ಎವಾನ್ಸ್, ಇಬ್ಬರೂ ಆತ್ಮಹತ್ಯೆ ಮಾಡಿಕೊಂಡರು. 1974ರ ಕೊನೆಗೆ ಅವರು ಮುಗಿಸಿದ್ದ ‘ಹೆಡ್ ಫಸ್ಟ್’ ಬಿಡುಗಡೆಯಾದದ್ದು 2000ದಲ್ಲಿ. 2013ರಲ್ಲಿ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ಕೊನೆಯ ಕಂತು ಇವರ ‘ಬೇಬಿ ಬ್ಲೂ’ ಹಾಡನ್ನು ಹೊಸ ಪೀಳಿಗೆಗೆ ಕೇಳಿಸಿತು. ಇದನ್ನು ತಡವಾಗಿ ಸಿಕ್ಕ ನ್ಯಾಯ ಎನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಲಾಭ ಆದದ್ದು ಕೇಳಿದ ನಮಗೆ.

ಸಂಗ್ರಹಕಾರರ ಭಕ್ತಿಯಲ್ಲೂ ಒಂದು ವಿಚಿತ್ರವಿದೆ. ಮಾರಾಟವಾಗದೆ ಕಂಪನಿಗೆ ವಾಪಸು ಬಂದ ರೆಕಾರ್ಡುಗಳ ಹೊದಿಕೆಯ ಮೂಲೆಯನ್ನು ಕತ್ತರಿಸಿ, ಇಲ್ಲವೇ ತೂತು ಕೊರೆದು, ಚಿಲ್ಲರೆ ಬೆಲೆಗೆ ತಳ್ಳುತ್ತಿದ್ದರು. ಸೋಲಿನ ಆ ಗಾಯ ಇರುವ ಮೊದಲ ಮುದ್ರಣವನ್ನೇ ಇವರು ದುಬಾರಿ ಬೆಲೆಗೆ ಕೊಳ್ಳುತ್ತಾರೆ, ಅದೇ ಹಾಡು ಅಗ್ಗದ ಮರುಮುದ್ರಣದಲ್ಲಿ ಸಿಗುತ್ತಿದ್ದರೂ. ‘ರೇಡಿಯೋ ಸಿಟಿ’ಯ ಹೊದಿಕೆಯ ಮೇಲಿರುವುದು ವಿಲಿಯಂ ಎಗಲ್‌ಸ್ಟನ್ ತೆಗೆದ ಫೋಟೋ: ರಕ್ತಗೆಂಪು ಚಾವಣಿ, ನಡುವೆ ಬೋಳು ಬಲ್ಬು, ಅದರಿಂದ ಮೂರು ಕಡೆ ಹರಿದ ಬಿಳಿ ವೈರು. ಆ ಫೋಟೋ ಈಗ ಮ್ಯೂಸಿಯಮ್ಮಿನ ಗೋಡೆಗೆ ಏರಿದೆ. ರೆಕಾರ್ಡ್ ಬಂದ ವರ್ಷ ಅದು ಮಾರಾಟವಾಗದ ಸರಕಿನ ಮೇಲುಹೊದಿಕೆ.

ಹಾಡು ಕಟ್ಟಿದವರ ಮಾತನ್ನೇ ಪ್ರಮಾಣ ಮಾಡಿಕೊಳ್ಳೋಣ ಎಂದರೆ ಚಿಲ್ಟನ್ ಕೈಕೊಡುತ್ತಾರೆ. ಬಿಗ್ ಸ್ಟಾರ್ ಬಗ್ಗೆ ಜನ ಅತಿಯಾಗಿ ಹೊಗಳುತ್ತಾರೆ ಎಂಬ ಧಾಟಿಯಲ್ಲೇ ಅವರು ಕೊನೆವರೆಗೂ ಮಾತಾಡಿದರು. 1974ರಲ್ಲಿ ಧ್ವನಿಮುದ್ರಿಸಿದ ಮೂರನೆಯ ರೆಕಾರ್ಡನ್ನಂತೂ ಅವರು ಅರ್ಧಕ್ಕೇ ಕೈಬಿಟ್ಟಿದ್ದರು. ನಿರ್ಮಾಪಕ ಜಿಮ್ ಡಿಕಿನ್ಸನ್ ಮತ್ತು ಫ್ರೈ ಅದನ್ನು ಕಂಪನಿಯಿಂದ ಕಂಪನಿಗೆ ಹೊತ್ತು ತಿರುಗಿದರು. ಕೇಳಿದರೆ ಮನಸ್ಸು ಕಸಿವಿಸಿಯಾಗುತ್ತದೆ ಎಂದು ದೊಡ್ಡ ಕಂಪನಿಯ ಹಿರಿಯರೊಬ್ಬರು ಮರಳಿಸಿದರಂತೆ. 1978ರಲ್ಲಿ ಅದು ಒಂದು ಅನುಕ್ರಮದಲ್ಲಿ ಹೊರಬಂತು, 1992ರಲ್ಲಿ ಬೇರೊಂದು ಅನುಕ್ರಮದಲ್ಲಿ. ಕೆಲವರಿಗೆ ಅದರ ಹೆಸರು ‘ಥರ್ಡ್’, ಕೆಲವರಿಗೆ ‘ಸಿಸ್ಟರ್ ಲವರ್ಸ್’. 2010ರ ಮಾರ್ಚ್ 17ರಂದು ಚಿಲ್ಟನ್ ತೀರಿಕೊಂಡರು, ಯಾವ ಹಾಡಿನ ಮೇಲೆ ಯಾವ ಹಾಡು ಬರಬೇಕೆಂದು ಇತ್ಯರ್ಥ ಮಾಡದೆಯೇ. 2016ರಲ್ಲಿ ಕಚ್ಚಾ ಟೇಪುಗಳೂ ಸೇರಿ ಮೂರು ಸಿ.ಡಿ.ಗಳಲ್ಲಿ ಎಲ್ಲವೂ ಹೊರಬಂದ ಮೇಲೆ ಅಭಿಮಾನಿಗಳು ತಮಗೆ ತೋಚಿದ ಅನುಕ್ರಮವನ್ನು ತಾವೇ ಮಾಡಿಕೊಂಡು ಕೇಳಬಹುದಾಗಿದೆ, ಅಭಿನವಗುಪ್ತನ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ ಎಂಬಂತೆ.