ಈರುಳ್ಳಿಗೇಕೆ ಅಷ್ಟೊಂದು ಡಿಎನ್‌ಎ?

ಮೈಮೇಲೆ ಮೂರು ಬಣ್ಣದ ತೇಪೆಗಳಿರುವ ಬೆಕ್ಕು ಬಹುತೇಕ ಹೆಣ್ಣೇ. ಅದರ ಜೀವಕೋಶಗಳಲ್ಲಿ ಎಕ್ಸ್ ವರ್ಣತಂತುಗಳು ಎರಡೆರಡು. ಭ್ರೂಣವಿದ್ದಾಗಲೇ ಪ್ರತಿ ಕೋಶದಲ್ಲೂ ಒಂದು ಬಾಯಿ ಮುಚ್ಚುತ್ತದೆ. ಯಾವುದು ಮುಚ್ಚಿತು ಎಂಬುದರ ಮೇಲೆ ಆ ಜಾಗದ ಕೂದಲು ಕಪ್ಪೋ ಕೇಸರಿಯೋ ಎಂಬುದು ತೀರ್ಮಾನವಾಗುತ್ತದೆ. ಬಾಯಿ ಮುಚ್ಚಿಸುವುದು ಎಕ್ಸಿಸ್ಟ್ ಎಂಬ ಉದ್ದನೆಯ ಆರ್‌ಎನ್‌ಎ. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ತಾನು ಹುಟ್ಟಿದ ವರ್ಣತಂತುವಿಗೇ ಮೆತ್ತಿಕೊಂಡು ಅದನ್ನು ಸುಮ್ಮನಾಗಿಸುತ್ತದೆ. ಹೆಂಗಸರ ಮೈಯಲ್ಲೂ ನಡೆಯುವುದು ಇದೇ.

ಮನುಷ್ಯನ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳಲ್ಲಿ ಪ್ರೋಟೀನಿನ ಪಾಠವಿರುವುದು ಶೇ. 2ಕ್ಕೂ ಕಡಿಮೆ ಭಾಗದಲ್ಲಿ. ಉಳಿದದ್ದರ ಬಹುಪಾಲನ್ನು ತಳಿವಿಜ್ಞಾನಿ ಸುಸುಮು ಓನೊ 1972ರಲ್ಲಿ ‘ಕಸ’ ಎಂದರು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಪ್ರೋಟೀನಿನ ಪಾಠವಿಲ್ಲದ, ಲಿನ್-4 ಎಂಬ 22 ಅಕ್ಷರದ ಆರ್‌ಎನ್‌ಎಯನ್ನು ಕಂಡರು. ಅದರ ಕೆಲಸ, ಇನ್ನೊಂದು ಜೀನಿನ ಸಂದೇಶವನ್ನು ತಡೆಯುವುದು. ಹುಳುವಿನದೇ ಏನೋ ವಿಚಿತ್ರವೆಂದು ಹೆಚ್ಚಿನವರು ಗಮನಿಸಲಿಲ್ಲ. 2000ದಲ್ಲಿ ಅಂಥದೇ ಇನ್ನೊಂದು ಮನುಷ್ಯನಲ್ಲೂ ಸಿಕ್ಕಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ನಡುವೆ ದೇವರನ್ನೂ ಎಳೆದು ತಂದದ್ದಾಯಿತು. ಜೀವಿಗಳ ಹಿಂದೆ ಬುದ್ಧಿವಂತ ಕರ್ತೃವಿದ್ದಾನೆ ಎನ್ನುವ ಅಮೆರಿಕದ ಗುಂಪಿನ ಜೊನಾಥನ್ ವೆಲ್ಸ್, ಕಸದ ಡಿಎನ್‌ಎ ಎಂಬುದೇ ಕಟ್ಟುಕಥೆ ಎಂದು 2011ರಲ್ಲಿ ಪುಸ್ತಕ ಬರೆದರು. ಮರುವರ್ಷ ಮನುಷ್ಯನ ಡಿಎನ್‌ಎಯನ್ನು ಜಾಲಾಡಿದ ಎನ್‌ಕೋಡ್ ಯೋಜನೆ, ಅದರ ಶೇ. 80 ಭಾಗದಲ್ಲಿ ಏನಾದರೊಂದು ಚಟುವಟಿಕೆ ಇದೆ ಎಂದಾಗ ಆ ಪಾಳಯಕ್ಕೆ ಹಬ್ಬ. ಆದರೆ ಡಿಎನ್‌ಎ ಆರ್‌ಎನ್‌ಎಯಾಗಿ ನಕಲಾಗುವುದೇ ಬೇರೆ, ಆ ನಕಲು ದೇಹಕ್ಕೆ ಒದಗುವುದೇ ಬೇರೆ. ಕೆನಡಾದ ಜೀವವಿಜ್ಞಾನಿ ರಯಾನ್ ಗ್ರೆಗರಿಯವರ ತುಂಟ ಪ್ರಶ್ನೆ ಇಲ್ಲಿ ಸರಿಯಾಗಿ ಚುಚ್ಚುತ್ತದೆ: ಎಲ್ಲಕ್ಕೂ ಕೆಲಸವಿದ್ದರೆ ಈರುಳ್ಳಿಗೆ ಮನುಷ್ಯನ ಐದು ಪಟ್ಟು ಡಿಎನ್‌ಎ ಏಕೆ?

ಶೇಕಡಾವಾರು ಲೆಕ್ಕದ ಮೇಲೆ ದೇವರನ್ನು ಕೂರಿಸಿದರೆ ಪ್ರತಿ ಹೊಸ ವರದಿಗೂ ಪೀಠ ಅಲ್ಲಾಡುತ್ತದೆ. ಮಾನವ ಜೀನೋಮ್ ಯೋಜನೆಯ ಮುಂದಾಳಾಗಿದ್ದ ಫ್ರಾನ್ಸಿಸ್ ಕಾಲಿನ್ಸ್ ಶ್ರದ್ಧಾವಂತ ಕ್ರೈಸ್ತ. ಅವರಿಗೆ ಇಂಥ ಆತಂಕವಿರಲಿಲ್ಲ. ಇಲಿಗೂ ಮನುಷ್ಯನಿಗೂ ಸಮಾನವಾದ ಹಳೆಯ ಡಿಎನ್‌ಎ ತುಣುಕುಗಳಲ್ಲಿ ಅವರು ಕಂಡದ್ದು ಒಂದೇ ಮೂಲದ ಗುರುತನ್ನು.

ಸೃಷ್ಟಿಗೆಲ್ಲ ಉದ್ದೇಶ ಹುಡುಕುವ ಈ ತೊಡಕು ವೇದಾಂತದಲ್ಲಿ ಬಹಳ ಹಿಂದೆಯೇ ಎದ್ದಿತ್ತು. ಪೂರ್ಣನಾದವನಿಗೆ ಸೃಷ್ಟಿಯಿಂದ ಆಗಬೇಕಾದ್ದೇನು ಎಂಬುದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ಆಕ್ಷೇಪ. ಆಗಬೇಕಾದ್ದೇನೂ ಇಲ್ಲ, ಅದು ಲೀಲೆ ಎಂಬುದು ಸಮಾಧಾನ; ಶಂಕರರು ಉಸಿರಾಟದ ದೃಷ್ಟಾಂತ ಕೊಡುತ್ತಾರೆ. ಶಂಕರರಿಗೆ ಅಷ್ಟೆಲ್ಲ ಎದುರು ನಿಂತ ಉಡುಪಿಯ ಮಧ್ವರೂ ಇಲ್ಲಿ ಭಗವಂತನಿಗೆ ಲಾಭ ಹುಡುಕುವುದಿಲ್ಲ. ಲೀಲೆ ಎಂದವನಿಗೆ ಈರುಳ್ಳಿಯ ಪರವಾಗಿ ವಕಾಲತ್ತು ಮಾಡುವ ಗರಜಿಲ್ಲ. ಹಾಗೆಂದು ಲೀಲೆಯನ್ನು ನಂಬಿ ಪ್ರಯೋಗಾಲಯದ ಬಾಗಿಲು ಹಾಕುವಂತೆಯೂ ಇಲ್ಲ. ಯಾವ ಆರ್‌ಎನ್‌ಎಗೆ ಕೆಲಸವಿದೆ ಎಂಬುದು ಅದನ್ನು ಕೆಡಿಸಿ ನೋಡಿದಾಗಲೇ ತಿಳಿಯುವುದು. ಲಿನ್-4 ಕೆಟ್ಟ ಹುಳು ಮರಿಯ ಹಂತಗಳನ್ನೇ ಮತ್ತೆ ಮತ್ತೆ ಹಾಯುತ್ತದೆ, ಮೊಟ್ಟೆ ಇಡಲಾರದು.